ಕೂತವರ ಬಲ

ಆ ಬೆಳಿಗ್ಗೆಯೂ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಹಿತ್ತಲ ಬಾಗಿಲು ತೆಗೆದು ದಾಸವಾಳದ ಕುಂಡಕ್ಕೆ ನೀರು ಹಾಕಿದೆ. ಹೂವಿನಾಕೆ ಗೇಟಿಗೆ ಸಿಕ್ಕಿಸಿ ಹೋಗಿದ್ದ ಪೊಟ್ಟಣ ಬಿಚ್ಚಿದರೆ ಮಲ್ಲಿಗೆಯ ನಡುವೆ ಒಂದೇ ಒಂದು ಕನಕಾಂಬರ, ಕೈತಪ್ಪಿ ಸೇರಿಕೊಂಡದ್ದು. ನಮ್ಮ ಯಜಮಾನರು ಚಟ್ನಿಗೆ ಉಪ್ಪು ಸಾಲದೆಂದು ಬಾಯಿಬಿಟ್ಟು ಹೇಳದೆ ತಾವೇ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದುಕೊಂಡರು. ಅವರು ಕೆಲಸಕ್ಕೆ ಹೊರಟ ಮೇಲೆ ಊಟದ ಮೇಜು ಒರೆಸಿ, ಒದ್ದೆ ಆರುವವರೆಗೆ ಕಾದು, ಲ್ಯಾಪ್‌ಟಾಪ್ ಇಟ್ಟೆ. ಮಲ್ಲೇಶ್ವರದ ನಮ್ಮ ಮನೆಯಲ್ಲಿ ನನ್ನ ಆಫೀಸು ಎಂದರೆ ಅದೇ ಮೇಜು. ಕೈಕಾಲು ಸ್ವಾಧೀನವಿಲ್ಲದವರಿಗೆ ಸಲಕರಣೆ ಮಾಡಿಕೊಡುವ ಒಂದು ಸಣ್ಣ ಗುಂಪಿಗೆ ನಾನು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಿಕೊಡುತ್ತೇನೆ.

ಎಂಜಿನಿಯರ್ ಕಳಿಸಿದ್ದ ಹೊಸ ಭಾಗಗಳನ್ನು ಹಳೆಯವುಗಳ ಜಾಗಕ್ಕೆ ಹಾಕಿ ಫೈಲು ತೆರೆದೆ. ಪರದೆಯ ಪಕ್ಕದ ಪಟ್ಟಿಯಲ್ಲಿ ಹಿಂದಿನ ದಿನ ಹಸಿರಾಗಿದ್ದದ್ದೆಲ್ಲ ಕೆಂಪಾಗಿತ್ತು. ನಡುವೆ ಇರಬೇಕಾದ ಲೋಹದ ತೋಳು ಇರಲೇ ಇಲ್ಲ. ಅದರ ತುಂಡುಗಳು ಒಂದರ ಮೇಲೊಂದು ಬಿದ್ದು, ಮದುವೆ ಛತ್ರದ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹಾಗೆ ಕಾಣುತ್ತಿದ್ದವು.

ಆ ತೋಳು ವೈಯಾಲಿಕಾವಲ್‌ನ ಒಬ್ಬ ಟೀಚರ್‌ಗಾಗಿ. ಪ್ರೈಮರಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು, ಸ್ನಾಯು ಸೊರಗುವ ಕಾಯಿಲೆಯಿಂದ ಈಗ ಗಾಲಿಕುರ್ಚಿಯಲ್ಲಿದ್ದಾರೆ. ಅವರ ಬೆರಳು, ಕತ್ತು ಚೆನ್ನಾಗಿವೆ. ಭುಜಕ್ಕೆ ಮಾತ್ರ ಕೈ ಎತ್ತುವ ಶಕ್ತಿ ಇಲ್ಲ. ತಟ್ಟೆಯಲ್ಲಿ ಅನ್ನ ಕಲಸಬಲ್ಲರು, ತುತ್ತು ಕಟ್ಟಬಲ್ಲರು, ಅದನ್ನು ಬಾಯಿಯವರೆಗೆ ಒಯ್ಯಲಾರರು. ಅಳತೆ ತೆಗೆದುಕೊಳ್ಳಲು ನಾನು ಹೋದಾಗ ಅವರ ತಂಗಿ ಊಟ ಮಾಡಿಸುತ್ತಿದ್ದರು. ಟೀಚರ್ ನನ್ನ ಕೈಯಲ್ಲಿದ್ದ ಟೇಪು ನೋಡಿ, ಬ್ಲೌಸ್ ಹೊಲಿಯೋಕೆ ಬಂದ್ರಾ ಎಂದು ಕೇಳಿ ತಾವೇ ನಕ್ಕರು. ತಂಗಿ ತಟ್ಟೆ ತೆಗೆದುಕೊಂಡು ಒಳಗೆ ಹೋದ ಮೇಲೆ ದನಿ ತಗ್ಗಿಸಿ ಹೇಳಿದರು:

"ಅವಳು ಪಾಪ ಚೆನ್ನಾಗೇ ನೋಡ್ಕೋತಾಳೆ ಕಣ್ರೀ. ಆದ್ರೆ ಇನ್ನೊಂದು ಸಲ ಸಾರನ್ನ ಬೇಕು ಅನ್ನೋಷ್ಟ್ರಲ್ಲಿ ಮೊಸರನ್ನ ಬಾಯಿಗೆ ಬಂದ್ಬಿಟ್ಟಿರತ್ತೆ. ನನ್ನ ತುತ್ತು ಎಷ್ಟು ದಪ್ಪ ಇರ್ಬೇಕು ಅಂತ ನಾನೇ ತೀರ್ಮಾನ ಮಾಡ್ಬೇಕು, ಅಷ್ಟೇ. ಚಮಚ ಗಿಮಚ ಬೇಡ. ಕೈ."

ನಾವು ಮಾಡುತ್ತಿದ್ದದ್ದು ಕುರ್ಚಿಯ ಪಕ್ಕದ ಕಂಬಕ್ಕೆ ಸಿಕ್ಕಿಸುವ, ಸ್ಪ್ರಿಂಗ್ ಇರುವ ಒಂದು ಅಲ್ಯುಮಿನಿಯಂ ತೋಳು. ಅದರ ತುದಿಯಲ್ಲಿ ದೋಣಿಯಂಥ ಒಂದು ಆಸರೆ. ನಾವು ಅದನ್ನು ತೊಟ್ಟಿಲು ಎನ್ನುತ್ತೇವೆ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗವನ್ನು ಅದರಲ್ಲಿ ಇಟ್ಟರೆ ಕೈಯ ಭಾರವನ್ನು ಸ್ಪ್ರಿಂಗು ಹೊರುತ್ತದೆ, ಉಳಿದ ಚೂರು ಶಕ್ತಿಯಲ್ಲೇ ಕೈ ಮೇಲೇಳುತ್ತದೆ. ತೊಟ್ಟಿಲನ್ನು ಟೀಚರ್ ಬಲಗೈಯ ಅಚ್ಚು ತೆಗೆದೇ ಮಾಡಿಸಿದ್ದೆವು. ಆದರೆ ಫಿಸಿಯೋಥೆರಪಿಸ್ಟ್ ಆ ವಾರವೇ ಎಚ್ಚರಿಸಿದ್ದರು, ಆಡಿಸದೆ ಬಿಟ್ಟ ಮೊಣಕೈ ಬಿಗಿಯಲು ಶುರುವಾಗಿದೆ, ಪೂರ್ತಿ ಬಿಗಿದುಕೊಂಡರೆ ಆಮೇಲೆ ಯಾವ ತೋಳು ಕಟ್ಟಿದರೂ ಪ್ರಯೋಜನವಿಲ್ಲ ಎಂದು.

ಚಾಮರಾಜಪೇಟೆಯ ನಮ್ಮ ವರ್ಕ್‌ಶಾಪಿನ ಯಜಮಾನರಿಗೆ ಲೇಸರ್ ಕಟಿಂಗಿನವರು ಗೊತ್ತು. ಆ ಸಂಜೆ ಆ ಕಟಿಂಗಿನವರು ಇನ್ಯಾರದೋ ದೊಡ್ಡ ಆರ್ಡರಿಗೆ ಅಲ್ಯುಮಿನಿಯಂ ಶೀಟು ಹಾಕುತ್ತಿದ್ದರು, ಅಂಚಿನಲ್ಲಿ ಉಳಿಯುವ ಜಾಗದಲ್ಲಿ ನಮ್ಮ ತುಂಡುಗಳನ್ನು ಕತ್ತರಿಸಿ, ಅಲ್ಲೇ ಬಗ್ಗಿಸಿಕೊಡಲು ಒಪ್ಪಿದ್ದರು. ಮತ್ತೆ ಆ ದಪ್ಪದ ಶೀಟು ಯಾವಾಗ ಹಾಕುತ್ತಾರೋ ಯಾರಿಗೂ ಗೊತ್ತಿಲ್ಲ. ನಾಲ್ಕು ಗಂಟೆಯೊಳಗೆ ಡ್ರಾಯಿಂಗ್ ಅವರ ಕೈಸೇರಬೇಕಿತ್ತು.

ಕೆಂಪಾದದ್ದು ಯಾಕೆಂದು ಹೇಳಬೇಕು. ಕಂಪ್ಯೂಟರಿನಲ್ಲಿ ಯಂತ್ರ ಜೋಡಿಸುವುದೆಂದರೆ ಒಂದೊಂದೇ ಕರಾರು ಹಾಕುತ್ತಾ ಹೋಗುವುದು. ಈ ತೂತು ಆ ಕಡ್ಡಿಯ ನಡುಗೆರೆಯಲ್ಲೇ ಇರಬೇಕು, ಈ ತುಂಡಿನ ಮುಖ, ಎಂದರೆ ಮೇಲ್ಮೈ, ಆ ತುಂಡಿನ ಮುಖಕ್ಕೆ ತಾಗಿಕೊಂಡೇ ಇರಬೇಕು. ಇದಕ್ಕೆ ಕನ್‌ಸ್ಟ್ರೈಂಟ್ ಎನ್ನುತ್ತಾರೆ. ನಾನು ಮನಸ್ಸಿನಲ್ಲಿ ಕಟ್ಟು ಎಂದುಕೊಳ್ಳುತ್ತೇನೆ. ಕಂಪ್ಯೂಟರು ಪ್ರತಿ ಕಟ್ಟನ್ನೂ ನಂಬರಿನಲ್ಲಿ ನೆನಪಿಟ್ಟುಕೊಂಡಿರುತ್ತದೆ, ಈ ಪ್ಲೇಟಿನ ಏಳನೇ ಮುಖ ಆ ಕಂಬದ ಮೂರನೇ ಮುಖಕ್ಕೆ, ಹೀಗೆ. ಗಾಲಿಕುರ್ಚಿ ಮಾಡುವವರು ತಮ್ಮ ಫ್ರೇಮು ಬದಲಾಯಿಸಿದ್ದರು. ಅದಕ್ಕೆ ಹೊಂದುವಂತೆ ನಮ್ಮ ಎಂಜಿನಿಯರ್ ಪ್ಲೇಟುಗಳನ್ನೂ ತಿದ್ದಿ, ಹೊಸ ಫ್ರೇಮನ್ನೂ ಜೊತೆಗೆ ಕಳಿಸಿ, ಊರಿಗೆ ರೈಲು ಹತ್ತಿದ್ದರು. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಬರುವಾಗ ಮುಖಗಳಿಗೆಲ್ಲ ಹೊಸ ನಂಬರು ಬಿದ್ದಿತ್ತು.

ಮೊದಲು ಕೈಯಿಂದಲೇ ಸರಿಮಾಡಲು ಕೂತೆ. ಒಂದು ಕೆಂಪನ್ನು ಹಸಿರು ಮಾಡಿದರೆ ಅದರ ಆಸರೆಯಲ್ಲಿದ್ದ ಇನ್ನೆರಡು ಕೆಂಪಾಗುತ್ತಿದ್ದವು. ಕುಕ್ಕರ್ ಕೂಗಿದ್ದು ಎಷ್ಟು ಸಲವೆಂದು ಲೆಕ್ಕ ತಪ್ಪಿತು. ಅಡುಗೆಮನೆಗೆ ಹೋಗಿ ಬಂದು ಮತ್ತೆ ಪಟ್ಟಿ ನೋಡಿದಾಗ, ಹೀಗೇ ಹೋದರೆ ಸಂಜೆಯಲ್ಲ, ಬರುವ ವಾರವೂ ಮುಗಿಯುವುದಿಲ್ಲವೆಂದು ಅರ್ಥವಾಯಿತು.

ನಮ್ಮ ಬೀದಿಯ ಗೇಟುಗಳ ಮೇಲೆ ಹಳೇ ನಂಬರು, ಹೊಸ ನಂಬರು ಎರಡೂ ಬರೆದಿರುತ್ತಾರೆ. ಕೊರಿಯರ್‌ನವರು ಫೋನು ಮಾಡಿದರೆ ನಾನು ಎರಡನ್ನೂ ಹೇಳುವುದಿಲ್ಲ. ಹೊಂಗೆ ಮರದ ಎದುರು, ನೀಲಿ ಗೇಟು, ಪಕ್ಕದಲ್ಲಿ ಇಸ್ತ್ರಿ ಗಾಡಿ ಎನ್ನುತ್ತೇನೆ. ಮುಖಗಳನ್ನೂ ಹಾಗೇ ಹುಡುಕಿಸಬಹುದಲ್ಲ ಎಂದು ಹೊಳೆಯಿತು. ಸಾಫ್ಟ್‌ವೇರಿನೊಳಗೇ ಪ್ರೋಗ್ರಾಂ ಬರೆಯುವ ಒಂದು ಕಿಟಕಿಯಿದೆ. ಅದನ್ನು ತೆರೆದು ಬರೆಯತೊಡಗಿದೆ: ಹಿಂದಿನ ದಿನದ, ಕೆಡದೆ ಇದ್ದ ಫೈಲಿನಿಂದ ಪ್ರತಿ ಕಟ್ಟಿನ ಮುಖಗಳ ಚಹರೆಯನ್ನು ಓದಿಕೋ. ದುಂಡಗಿದ್ದರೆ ವ್ಯಾಸ ಎಷ್ಟು, ಎಷ್ಟು ಆಳ, ಚಪ್ಪಟೆಯಿದ್ದರೆ ಎಷ್ಟು ಅಗಲ, ಅಕ್ಕಪಕ್ಕದಲ್ಲಿ ಏನಿದೆ. ಆಮೇಲೆ ಹೊಸ ಭಾಗದಲ್ಲಿ ಅದೇ ಚಹರೆಯ ಮುಖ ಹುಡುಕಿ, ಕಟ್ಟನ್ನು ಅದಕ್ಕೆ ಹಾಕು. ಹೇಳಲು ಇಷ್ಟೇ. ಬರೆಯುವಾಗ ಸಾಲಿಗೊಂದು ತಪ್ಪು.

ಮೊದಲ ಸಲ ಓಡಿಸಿದಾಗ ಅದಕ್ಕೆ ಒಂದು ಮುಖವೂ ಸಿಗಲಿಲ್ಲ. ಯಾಕೆಂದು ಒಂದೇ ತೂತಿನ ಅಳತೆ ತೆಗೆದು ನೋಡಿದೆ. ಹಳೆಯದರಲ್ಲಿ ಎಂಟು ಮಿಲಿಮೀಟರ್ ಇದ್ದದ್ದು ಹೊಸದರಲ್ಲಿ ಎಂಟಕ್ಕೆ ಕೂದಲೆಳೆಗಿಂತ ಸಣ್ಣದಾದ ಏನೋ ಕಡಿಮೆ. ಪ್ರೋಗ್ರಾಂ ಎಂಟೆಂದರೆ ಎಂಟೇ ಎಂದು ಹಟ ಹಿಡಿದು ಕೂತಿತ್ತು. ಸ್ವಲ್ಪ ಹೆಚ್ಚುಕಡಿಮೆಯಿದ್ದರೆ ಒಪ್ಪಿಕೋ ಎಂದು ಒಂದು ಸಾಲು ಸೇರಿಸಿದೆ. ಪಟ್ಟಿಯಲ್ಲಿ ಹಸಿರು ಒಂದೊಂದಾಗಿ ಮೂಡತೊಡಗಿತು, ಬಹುಪಾಲು.

ಉಳಿದವುಗಳ ಎದುರು ಪ್ರೋಗ್ರಾಂ 'ಇಬ್ಬರು ಸಿಕ್ಕಿದ್ದಾರೆ' ಎಂದು ತೋರಿಸುತ್ತಿತ್ತು. ಹಾಗೆ ತೋರಿಸು ಎಂದು ಬರೆದವಳು ನಾನೇ. ಗಾಲಿಕುರ್ಚಿಯ ಎರಡು ಪಕ್ಕಗಳೂ ಅವಳಿ ಜವಳಿ. ಎಡಗಂಬ, ಬಲಗಂಬಗಳ ಚಹರೆ ಒಂದೇ. ಹೊಸ ಫ್ರೇಮಿನಲ್ಲಿ ಅಳತೆ ಶುರುವಾಗುವ ಮೂಲೆಯೇ ಬೇರೆ ಕಡೆ ಇದ್ದದ್ದರಿಂದ ಎಲ್ಲಿದೆ ಎಂಬುದನ್ನು ನೋಡಿಯೂ ಗುರುತಿಸುವಂತಿರಲಿಲ್ಲ. ಆದರೆ ಭಾಗಗಳ ಹೆಸರಿನ ಕೊನೆಯಲ್ಲಿ ಆರ್, ಎಲ್ ಎಂದು ಇತ್ತು. ಇಬ್ಬರು ಸಿಕ್ಕಿದರೆ ಆರ್ ಇರುವುದನ್ನು ಆರ್ ಜೊತೆ, ಎಲ್ ಇರುವುದನ್ನು ಎಲ್ ಜೊತೆ ಕಟ್ಟು ಎಂದು ಬರೆದೆ.

ಓಡಿಸಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ಚಪ್ಪಲಿಯ ರಾಶಿ ಅಲುಗಿತು. ಕಾನ್ವೆಂಟಿನಲ್ಲಿ ಬೆಳಗಿನ ಅಸೆಂಬ್ಲಿಯ ಗಂಟೆ ಹೊಡೆದಾಗ ಮೈದಾನದ ತುಂಬ ಚೆಲ್ಲಾಡಿದ್ದ ನಾವೆಲ್ಲ ಓಡಿಬಂದು ತರಗತಿಗೊಂದು ಸಾಲಾಗಿ ನಿಲ್ಲುತ್ತಿದ್ದೆವು. ಥೇಟ್ ಹಾಗೆ ಪ್ಲೇಟು ಪ್ಲೇಟಿನ ಹತ್ತಿರ ಹೋಯಿತು, ಕಡ್ಡಿ ತೂತು ಹೊಕ್ಕಿತು, ತೋಳು ಎದ್ದು ನಿಂತಿತು. ಒಂದೂ ಕೆಂಪಿಲ್ಲ. ನನ್ನ ತೋಳಿನ ಮೇಲೆ ನವಿರೆದ್ದದ್ದು ಕಂಡಿತು. ನಾನು ಕೆಲವು ಸಾಲು ಬರೆದದ್ದಷ್ಟೇ. ಅಲ್ಲಿ ಅಷ್ಟೊಂದು ಕಟ್ಟುಗಳನ್ನು ಒಟ್ಟಿಗೆ ಲೆಕ್ಕಕ್ಕೆ ಹಿಡಿದು, ಎಲ್ಲಕ್ಕೂ ಒಪ್ಪುವ ಒಂದೇ ಒಂದು ನಿಲುವನ್ನು ಯಾವುದೋ ಗಣಿತ ಕಣ್ಣುಮುಚ್ಚಿ ತೆಗೆಯುವುದರೊಳಗೆ ಹುಡುಕಿಬಿಟ್ಟಿತ್ತು.

ಮೇಲ್ ಕಳಿಸಲು ಕುಳಿತವಳು ಸುಮ್ಮನೆ ಇನ್ನೊಂದು ಸಲ ಚಿತ್ರ ತಿರುಗಿಸಿದೆ, ನೋಡುವ ಆಸೆಗೆ. ತೊಟ್ಟಿಲಿನ ಒಂದು ಅಂಚಿನಲ್ಲಿ ಹೆಬ್ಬೆರಳು ಹಾಯಲು ಒಂದು ಸಣ್ಣ ಕುಳಿ ಇದೆ. ಆ ಕುಳಿ ಹೊರಗಡೆಗೆ, ಗಾಲಿಯ ಕಡೆಗೆ ಮುಖಮಾಡಿತ್ತು. ನನ್ನ ಬಲಗೈಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು ನೋಡಿದೆ. ಹೆಬ್ಬೆರಳು ಒಳಗಡೆಗಿತ್ತು.

ಬಲಗೈಯ ತೊಟ್ಟಿಲನ್ನು ಹೊತ್ತ ತೋಳು ಕುರ್ಚಿಯ ಎಡಗಡೆಗೆ ಕೂತಿತ್ತು. ಎಲ್ಲ ಹಸಿರು, ಎಲ್ಲ ತಪ್ಪು. ಹಾಗೇ ಕಳಿಸಿದ್ದರೆ ತೋಳನ್ನು ಕಂಬಕ್ಕೆ ಹಿಡಿಸುವ ಬ್ರಾಕೆಟ್ಟುಗಳನ್ನು ಆ ಕಡೆಗೇ ಬಗ್ಗಿಸಿಬಿಡುತ್ತಿದ್ದರು. ಒಮ್ಮೆ ಬಗ್ಗಿಸಿದ ಅಲ್ಯುಮಿನಿಯಮ್ಮನ್ನು ಮತ್ತೆ ನೆಟ್ಟಗೆ ಮಾಡಹೋದರೆ ಬಿರುಕು ಬಿಡುತ್ತದೆ. ಟೀಚರ್‌ಗೆ ಎಡಗೈಯಲ್ಲಿ ಊಟ ಮಾಡಿ ಎಂದು ಹೇಳುವ ಬಾಯಿ ನಮ್ಮಲ್ಲಿ ಯಾರಿಗಿದೆ?

ವರ್ಕ್‌ಶಾಪಿಗೆ ಫೋನು ಮಾಡಿದೆ. ಬ್ರಾಕೆಟ್ಟುಗಳಿಗೆ ಮೊದಲಿನಿಂದ ಹೆಸರಿಟ್ಟವರು ಅಲ್ಲಿನ ಯಜಮಾನರೇ. ಹಿಂದೆ ಗ್ರೈಂಡರಿನ ಸದ್ದು ಕೇಳುತ್ತಿತ್ತು.

"ಸರ್, ನಿಮ್ಮ ಬ್ರಾಕೆಟ್ ಮೇಲೆ ಆರ್ ಅಂತ ಇದೆಯಲ್ಲ, ಅದು ಯಾವ ಬಲ?" ಎಂದೆ.

"ಬಲ ಅಂದ್ರೆ ಬಲಾನೇ ಮೇಡಂ. ಅದರಲ್ಲಿ ಯಾವುದು ಅಂತ ಬೇರೆ ಇರತ್ತಾ?"

"ಕುರ್ಚಿ ಎದುರಿಗೆ ನಿಂತ್ಕೊಂಡು ನೋಡಿದ್ರೆ ನನ್ನ ಬಲಗಡೆ ಬರತ್ತಾ?"

ಅವರು ಗ್ರೈಂಡರ್ ನಿಲ್ಲಿಸಲು ಯಾರಿಗೋ ಹೇಳಿದರು. "ಎದುರಿಗೆ ನಿಂತ್ರೆ ನಿಮ್ಮ ಎಡಕ್ಕೆ ಬರತ್ತೆ. ನಮ್ಮಲ್ಲಿ ದೇವರ ಬಲ ಮೇಡಂ, ನೋಡೋರ ಬಲ ಅಲ್ಲ."

ಅವರ ತಂದೆಯ ಕಾಲದಲ್ಲಿ ಅಲ್ಲಿ ದೇವಸ್ಥಾನಗಳಿಗೆ ಹಿತ್ತಾಳೆಯ ಪ್ರಭಾವಳಿ, ಬಾಗಿಲುವಾಡ ಮಾಡುತ್ತಿದ್ದರಂತೆ. ಎಡಬಲವನ್ನು ಗರ್ಭಗುಡಿಯೊಳಗೆ ನಿಂತ ಮೂರ್ತಿಯ ಕಡೆಯಿಂದಲೇ ಹೇಳುವುದು ಆ ವರ್ಕ್‌ಶಾಪಿನ ರೂಢಿ. ಪ್ರಭಾವಳಿ ಹೋಗಿ ಗಾಲಿಕುರ್ಚಿಯ ಬ್ರಾಕೆಟ್ಟು ಬಂದರೂ ರೂಢಿ ಬದಲಾಗಿಲ್ಲ. ನನಗೆ ಇದು ಹೊಸದೇನೂ ಅಲ್ಲ. ತುಪ್ಪದ ದೀಪ ದೇವರ ಬಲಕ್ಕೆ, ಎಣ್ಣೆಯ ದೀಪ ಎಡಕ್ಕೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ದಿನಾ ಹಾಗೇ ಹಚ್ಚುತ್ತೇನೆ. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಬಲ ಎಂದರೆ ನನ್ನ ಬಲವೇ ಆಗಿಹೋಗಿತ್ತು. ಕುರ್ಚಿ ಮಾಡುವವರದೂ ಹಾಗೇ ಇರಬೇಕು. ಕುರ್ಚಿಯನ್ನು ಎದುರಿನಿಂದ ನೋಡಿ, ಚಿತ್ರದ ಬಲಗಡೆಯ ಕಂಬಕ್ಕೆ ಆರ್ ಎಂದಿದ್ದರು. ನನ್ನ ಪ್ರೋಗ್ರಾಂ ದೇವರ ಬಲವನ್ನು ನೋಡುವವರ ಬಲಕ್ಕೆ ಶ್ರದ್ಧೆಯಿಂದ ಕಟ್ಟಿತ್ತು.

"ಹಾಗಿದ್ರೆ ಹೆಸರು ಅದಲುಬದಲು ಮಾಡ್ಬಿಡಿ ಮೇಡಂ, ಐದು ನಿಮಿಷದ ಕೆಲಸ. ಕಟಿಂಗಿನವರು ಆಗಲೇ ಎರಡು ಸಲ ಫೋನ್ ಮಾಡಿದ್ರು," ಎಂದರು ಯಜಮಾನರು.

ಮಾಡಹೋದೆ. ಕುರ್ಚಿಯ ಭಾಗಗಳ ಹೆಸರನ್ನೆಲ್ಲ ತಿರುಗಿಸಿದೆ. ಕಂಬಗಳು ಸರಿಹೋದವು, ಕೈ ಇಡುವ ಪಟ್ಟಿಗಳು ಕೆಟ್ಟವು. ಅವನ್ನು ಕುರ್ಚಿಯವರು ಇನ್ನೊಬ್ಬರಿಂದ ತರಿಸಿದ್ದರು. ಆ ಇನ್ನೊಬ್ಬರು ಕುರ್ಚಿಯ ಹಿಂದೆ, ತಳ್ಳುವವರ ಜಾಗದಲ್ಲಿ ನಿಂತು ಹೆಸರಿಟ್ಟಿದ್ದರು. ಒಂದೇ ಕುರ್ಚಿಯನ್ನು ಒಬ್ಬೊಬ್ಬರು ಒಂದೊಂದು ಕಡೆ ನಿಂತು ನೋಡಿದ್ದರು. ಯಾವ ಹೆಸರು ಯಾರದು ಎಂದು ಒಂದೊಂದನ್ನೂ ಕೇಳುತ್ತಾ ಕೂರಲು ಹೊತ್ತಿರಲಿಲ್ಲ. ಊಹೆಯ ಮೇಲೆ ತಿರುಗಿಸಲು ಧೈರ್ಯವೂ ಇರಲಿಲ್ಲ.

ಎದ್ದು ಹೋಗಿ ಒಂದು ಲೋಟ ನೀರು ಕುಡಿದೆ. ಲೋಟ ತೊಳೆದು ಬೋರಲು ಹಾಕುವಾಗ ತೀರ್ಮಾನ ಮಾಡಿದೆ, ಹೆಸರುಗಳನ್ನೇ ನೋಡುವುದು ಬೇಡ. ಆ ಕುರ್ಚಿಯಲ್ಲಿ ಕೂರುವವರು ಒಬ್ಬರಿದ್ದಾರಲ್ಲ, ಬಲ ಯಾವುದೆಂದು ಅವರ ಕಡೆಯಿಂದ ಕೇಳಬೇಕು.

ಹೆಸರಿನ ಸಾಲುಗಳನ್ನೆಲ್ಲ ಅಳಿಸಿದೆ. ಬದಲಿಗೆ, ಇಡೀ ಫ್ರೇಮಿನಲ್ಲಿ ಮಲಗಿರುವ ಅತಿ ದೊಡ್ಡ ಮುಖ ಯಾವುದೆಂದು ಹುಡುಕು, ಅದು ಕೂರುವ ಹಲಗೆ. ನಿಂತಿರುವ ಅತಿ ದೊಡ್ಡ ಮುಖ ಹುಡುಕು, ಅದು ಬೆನ್ನಿನ ಒರಗು. ಒರಗಿನಿಂದ ಹಲಗೆಯ ಕಡೆಗೆ ಹೋಗುವ ದಿಕ್ಕು ಅವರ ಮುಂದೆ. ಮೇಲಿನ ದಿಕ್ಕು ಯಾವುದೆಂದು ಗೊತ್ತೇ ಇದೆ. ಮುಂದೆ, ಮೇಲೆ ಇವೆರಡು ಗೊತ್ತಿದ್ದರೆ ಬಲ ಯಾವುದೆಂದು ತೆಗೆಯಲು ಗಣಿತದಲ್ಲಿ ಒಂದು ಗುಣಾಕಾರವಿದೆ. ಯಾವುದನ್ನು ಮೊದಲು ಬರೆಯಬೇಕೆಂದು ಮರೆತುಹೋಗಿತ್ತು. ಹಿಂದುಮುಂದಾದರೆ ಮತ್ತೆ ಎಡವೇ.

ಫಿಸಿಕ್ಸ್ ಸಿಸ್ಟರ್ ಕಲಿಸಿದ ಬಲಗೈ ನಿಯಮ ನೆನಪಾಯಿತು. ಊಟದ ಮೇಜಿನ ಮುಂದೆ ನೆಟ್ಟಗೆ ಕೂತು, ಬಲಗೈ ಬೆರಳುಗಳನ್ನು ಮುಂದಕ್ಕೆ ಚಾಚಿ, ಮೇಲಕ್ಕೆ ಮಡಚಿದೆ. ಮಡಚಬೇಕಾದರೆ ಅಂಗೈ ಮೇಲಾಗಲೇಬೇಕು. ಹೆಬ್ಬೆರಳು ತಾನೇ ತಾನಾಗಿ ಬಲಕ್ಕೆ ತೋರಿಸಿತು. ಎಡಗೈಯಲ್ಲಿ ಮಾಡಿದೆ, ಎಡಕ್ಕೆ ತೋರಿಸಿತು. ಅಷ್ಟು ಹೊತ್ತೂ ನಾನು, ಗಣಿತಕ್ಕೆ ನಮ್ಮ ಹಾಗೆ ಎಡಬಲದ ಗೊಂದಲವಿಲ್ಲ ಎಂದುಕೊಂಡಿದ್ದೆ. ಅದಕ್ಕೂ ಬಲ ಯಾವುದೆಂದು ತಾನಾಗಿ ಗೊತ್ತಿಲ್ಲ. ಎಂದೋ ಯಾರೋ ತಮ್ಮ ಒಂದು ಕೈ ಚಾಚಿ, ಇದು ಎಂದು ಹೇಳಿಕೊಟ್ಟಿದ್ದಾರೆ. ಇಷ್ಟು ದೊಡ್ಡ ಲೆಕ್ಕಗಳೆಲ್ಲ ಆ ಕೈಯನ್ನು ಹಿಡಿದೇ ನಡೆಯುತ್ತಿವೆ. ಮೈ ಜುಮ್ಮೆಂದಿತು. ಕೈ ಚಾಚಿಕೊಂಡೇ ಸ್ವಲ್ಪ ಹೊತ್ತು ಕೂತಿದ್ದೆ.

ಈ ಸಲ ಓಡಿಸಿದಾಗ ತೋಳು ಬಲಗಡೆ ಎದ್ದಿತು, ಹೆಬ್ಬೆರಳ ಕುಳಿ ಒಳಗಡೆಗೆ. ಮೌಸಿನಿಂದ ತೊಟ್ಟಿಲ ತುದಿ ಹಿಡಿದು ಮೆಲ್ಲಗೆ ಎತ್ತಿದೆ. ತೋಳಿನ ಪಟ್ಟಿಗಳು ಒಂದಕ್ಕೊಂದು ಸಮಾನಾಂತರವಾಗಿ ಮಡಚಿ ತೆರೆದವು. ಎಷ್ಟು ಎತ್ತಿದರೂ ತೊಟ್ಟಿಲು ಓರೆಯಾಗಲಿಲ್ಲ, ತುಂಬಿದ ಲೋಟ ಹಿಡಿದು ಬರುವವರ ಕೈಯ ಹಾಗೆ. ಬೆಳಿಗ್ಗೆ ರಾಶಿ ಬಿದ್ದಿದ್ದ ತುಂಡುಗಳೇ ಇವು ಎಂದು ನಂಬುವುದು ಕಷ್ಟವಾಯಿತು.

ಕೊನೆಯ ಪರೀಕ್ಷೆಗೆ ಟೀಚರ್ ಅಳತೆಯ ಒಂದು ಗೊಂಬೆಯನ್ನು ಕುರ್ಚಿಯಲ್ಲಿ ಕೂರಿಸಿ, ತಟ್ಟೆಯಿಂದ ಬಾಯಿಯವರೆಗೆ ತೋಳು ಓಡಿಸಿದೆ. ತಟ್ಟೆ ಮುಟ್ಟಿತು. ಮೇಲೆ ಬಂದು ನಿಂತಾಗ ಬೆರಳ ತುದಿಗೂ ಬಾಯಿಗೂ ನಡುವೆ ಎರಡು ಬೆರಳಿನಷ್ಟು ಅಂತರ ಉಳಿಯಿತು.

ಎಂಜಿನಿಯರ್ ರೈಲಿನಲ್ಲಿ ಸಿಕ್ಕಿದರು, ಮಾತು ತುಂಡು ತುಂಡಾಗಿ ಬರುತ್ತಿತ್ತು. ಹೊಸ ಕುರ್ಚಿಯ ಕಂಬ ಗಿಡ್ಡ, ಅದಕ್ಕೇ ಎಂದರು. ಪಟ್ಟಿಗಳನ್ನು ಉದ್ದ ಮಾಡಿದರೆ ಸ್ಪ್ರಿಂಗು ಭಾರ ಹಿಡಿಯುವುದಿಲ್ಲ, ಎಲ್ಲ ಹೊಸದಾಗಿ ಲೆಕ್ಕ ಹಾಕಬೇಕು. ಗಂಟೆ ಕೇಳಿದರು. ಹೇಳಿದೆ.

"ಕಳಿಸ್ಬಿಡಿ. ಬಿಟ್ರೆ ಶೀಟೂ ಹೋಗತ್ತೆ. ಮೊಣಕೈ ಆಡೋಕಾದ್ರೂ ಶುರುವಾಗ್ಲಿ. ಎರಡು ಬೆರಳು ತಾನೇ, ಒಂದು ಉದ್ದದ ಚಮಚ ಕಟ್ಟೋಣ ಕೈಗೆ."

ಚಮಚ. ಟೀಚರ್ ಹೇಳಿದ್ದನ್ನು ಅವರಿಗೆ ಹೇಳುವಷ್ಟರಲ್ಲಿ ರೈಲು ಯಾವುದೋ ಸುರಂಗ ಹೊಕ್ಕಿರಬೇಕು, ಮಾತು ನಿಂತಿತು.

ಬಲ ಎಂದರೆ ಕೂತವರ ಬಲ ಎಂದು ಒಂದು ಸಾಲು ಸೇರಿಸಿ ಡ್ರಾಯಿಂಗ್ ಕಳಿಸಿದೆ. ತಲುಪಿತೆಂದು ವರ್ಕ್‌ಶಾಪಿನ ಯಜಮಾನರು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಫೋಟೋ ಬಂತು: ದೊಡ್ಡ ಶೀಟಿನ ಅಂಚಿನಲ್ಲಿ, ಬೇರೆಯವರ ತುಂಡುಗಳ ಪಕ್ಕ, ನಮ್ಮ ಬ್ರಾಕೆಟ್ಟುಗಳ ಆಕಾರ. ಬಗ್ಗಿಸಬೇಕಾದ ಗೆರೆಗಳ ಪಕ್ಕ ಚಾಕ್‌ಪೀಸಿನಲ್ಲಿ 'ಕೂತವರ ಬಲ' ಎಂದು ದುಂಡಗೆ ಬರೆದಿದ್ದರು. ಖುಷಿಯಾಯಿತು. ಟೀಚರ್‌ಗೆ ಫೋನು ಮಾಡಬೇಕೆಂದು ಎರಡು ಸಲ ಅವರ ನಂಬರು ತೆಗೆದು, ಚಮಚದ ವಿಷಯ ಹೇಗೆ ಎತ್ತುವುದೆಂದು ತಿಳಿಯದೆ ಫೋನು ಕೆಳಗಿಟ್ಟೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಕರಿಬೇವು ಕೇಳಿಕೊಂಡು ಬಂದರು. ನಾನು ಹಿತ್ತಲಿಗೆ ಹೋಗಿ ಎರಡು ಕಡ್ಡಿ ಮುರಿದು ತರುವಷ್ಟರಲ್ಲಿ ಅವರು ಮೇಜಿನ ಮುಂದೆ ನಿಂತಿದ್ದರು. ಲ್ಯಾಪ್‌ಟಾಪಿನಲ್ಲಿ ಆ ತೋಳು ಓಡುತ್ತಲೇ ಇತ್ತು. ನಿಲ್ಲಿಸಲು ನನಗೆ ಮನಸ್ಸು ಬಂದಿರಲಿಲ್ಲ. ತಟ್ಟೆಗೆ ಇಳಿಯುವುದು, ಏಳುವುದು, ಬಾಯಿಯ ಹತ್ತಿರ ನಿಲ್ಲುವುದು, ಮತ್ತೆ ಇಳಿಯುವುದು. ಏನ್ರೀ ಇದು ಎಂದರು. ಕೈ ಎತ್ತಲಾಗದವರೊಬ್ಬರು ತಾವೇ ಊಟ ಮಾಡಲು ಎಂದೆ. ಅಂತರದ ವಿಷಯ ಹೇಳಲಿಲ್ಲ. ಅವರು ಎರಡು ಸಲ ತುತ್ತು ಮೇಲೆ ಬರುವುದನ್ನು ನೋಡುತ್ತಾ ನಿಂತರು, ಕರಿಬೇವಿನ ಒಂದು ಹಳದಿ ಎಲೆ ಕಿತ್ತು ಬಿಸಾಡಿದರು, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅಂದರು:

"ಆ ಗೊಂಬೆ ಯಾಕ್ರೀ ಫೋಟೋಗೆ ಕೂತಿರೋ ಹಾಗೆ ಅಷ್ಟು ನೆಟ್ಟಗೆ ಕೂತಿದೆ? ಊಟ ಮಾಡೋವಾಗ ಯಾರಾದ್ರೂ ಹಾಗೆ ಕೂರ್ತಾರಾ, ತುತ್ತು ಬಂದ್ರೆ ತಲೆ ತಾನೇ ಬಗ್ಗತ್ತೆ."